ಟಿಪ್ಪು, ಮಂಗಳೂರಿನ ಕ್ರೈಸ್ತರು ಮತ್ತು ನಮ್ಮ ಮೌನ



ಪೋಸ್ಟ್ ಉದ್ದ ಇದೆ. ಆಫೀಸು ಮುಗಿಸಿ ಬಂದು ನಾಲ್ಕು ರಾತ್ರಿ ಕೂತು ಬರೆದದ್ದು. ಬಿಡುವಿದ್ದಾಗ ಓದಿ. ಬೈಯೋದಿದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಹೋದ ತಿಂಗಳು ನಮ್ಮ ಕಡೆ ಹುಡುಗರು ಸೇರಿ ಟಿಪ್ಪು ಸುಲ್ತಾನ್ ಬಗ್ಗೆ ಒಂದು ವಿಚಾರ ಸಂಕಿರಣ ಇಟ್ಟುಕೊಂಡಿದ್ರು. ನನಗೂ ಇಪ್ಪತ್ತು ನಿಮಿಷ ಕೊಟ್ಟಿದ್ರು. ಏನು ಮಾತಾಡ್ತೀನಿ ಅಂತ ಹಿಂದಿನ ದಿನ ಟಿಪ್ಪಣಿ ಬರೆದು ಗ್ರೂಪಿಗೆ ಹಾಕಿದೆ. ರಾಕೆಟ್ಟು, ರೇಷ್ಮೆ, ಶೃಂಗೇರಿ ಮಠದ ಪತ್ರಗಳು, ಕಂದಾಯ ಪದ್ಧತಿ ಎಲ್ಲಾ ಇತ್ತು. ಕೊನೆಗೆ ಒಂದು ಸಾಲು ಇತ್ತು: 1784, ಮಂಗಳೂರು ಕ್ರೈಸ್ತರ ಸೆರೆ.

ಅರ್ಧ ಗಂಟೆಯಲ್ಲಿ ಫೋನ್ ಬಂತು. "ಅಣ್ಣಾ, ಅದೊಂದು ಸಾಲು ಬಿಟ್ಟುಬಿಡ್ರಿ. ಅವರ ಕೈಗೆ ನಾವೇ ಬಡಿಗೆ ಕೊಟ್ಟಂಗ ಆಗ್ತದ." ಹುಡುಗ ಒಳ್ಳೆಯವನು, ಅವನ ಹೆದರಿಕೆಯೂ ಸುಳ್ಳಲ್ಲ. ನಾನು ಬಿಟ್ಟೆ. ಇಪ್ಪತ್ತು ನಿಮಿಷ ಮಾತಾಡಿದೆ, ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ನಮ್ಮ ಚಿಗವ್ವನ ಮಗ ಚಹಾ ಕುಡೀತಾ ಹತ್ತಿರ ಬಂದ. ಚಿಗವ್ವ ಗಂಡ ತೀರಿಕೊಂಡ ಮೇಲೆ ಕ್ರೈಸ್ತಳಾದಳು. ಮನೆಯಲ್ಲೇ ನಾಲ್ಕೈದು ಹೆಣ್ಣುಮಕ್ಕಳು ಸೇರಿ ಪ್ರಾರ್ಥನೆ ಮಾಡ್ತಾರೆ. ಎರಡು ವರ್ಷದ ಹಿಂದೆ ಕೆಲವರು ಒಳಗೆ ನುಗ್ಗಿ "ಎಷ್ಟು ರೊಕ್ಕ ಕೊಟ್ರು ನಿಮಗ?" ಅಂತ ಕೂಗಾಡಿ, ಬೈಬಲ್ ಕಿತ್ತು ಅಂಗಳಕ್ಕೆ ಎಸೆದು ಹೋಗಿದ್ರು. ಆಗ ನಾನು ಇದೇ ಗೋಡೆ ಮೇಲೆ ಬರೆದಿದ್ದೆ, ನಿಮ್ಮಲ್ಲಿ ಎಷ್ಟೋ ಜನ ಹಂಚಿಕೊಂಡಿದ್ರಿ. ಅವನೂ ಗ್ರೂಪಿನಲ್ಲಿದ್ದಾನೆ, ನನ್ನ ಟಿಪ್ಪಣಿ ನೋಡಿದ್ದ. "ಅಣ್ಣಾ, ನಮ್ಮವ್ವನ ಮೇಲೆ ಆದಾಗ ಬರೆದಿ. ಆ ಮಂಗಳೂರಿನವರದ್ದು ಯಾಕ ಬಿಟ್ಟಿ?" ಅಂದ. ಉತ್ತರ ಇರಲಿಲ್ಲ. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದು ಬಂದೆ.

ಬಿಟ್ಟ ಆ ಒಂದು ಸಾಲನ್ನು ಇವತ್ತು ಪೂರ್ತಿ ಬರೀತಿದ್ದೀನಿ.

*

ಮೊದಲು ಆ ಜನ ಯಾರು ಅಂತ ತಿಳಕೊಳ್ಳಬೇಕು. ಕರಾವಳಿಯ ಕೊಂಕಣಿ ಕ್ಯಾಥೊಲಿಕರಲ್ಲಿ ಬಹುಪಾಲು ಜನ ಗೋವಾದಿಂದ ಬಂದವರು. ಗೋವಾದಲ್ಲಿ ಪೋರ್ಚುಗೀಸರು 1560ರಲ್ಲಿ ಇನ್‌ಕ್ವಿಸಿಷನ್ ಅನ್ನೋ ಧರ್ಮ ವಿಚಾರಣಾ ನ್ಯಾಯಾಲಯ ತಂದ್ರು. ಅದು 1812ರವರೆಗೆ ನಡೀತು. ಮತಾಂತರ ಆದವರು ಹಳೇ ಪದ್ಧತಿ ಬಿಟ್ಟಿಲ್ಲ, ಹಳೇ ಹಬ್ಬ ಮಾಡ್ತಾರೆ ಅಂತ ಹಿಡಿದು ಶಿಕ್ಷೆ ಕೊಡೋ ವ್ಯವಸ್ಥೆ ಅದು. 1684ರಲ್ಲಿ ಕೊಂಕಣಿ ಭಾಷೆಯನ್ನೇ ಬಿಡಿಸೋ ಆಜ್ಞೆ ಬಂತು. ತೆರಿಗೆ, ಬರ, ಮರಾಠರ ದಾಳಿ ಇವೂ ಸೇರಿಕೊಂಡವು. ಜನ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಬಂದ್ರು. ಕೆಳದಿಯ ನಾಯಕರು, ಅವರು ಲಿಂಗಾಯತ ಅರಸರು, ಇವರಿಗೆ ಭೂಮಿ ಕೊಟ್ಟು ಒಕ್ಕಲು ಮಾಡಿಸಿಕೊಂಡ್ರು.

ಅಂದ್ರೆ ಇವರು ಕ್ರೈಸ್ತ ರಾಜ್ಯದಿಂದ, ಕ್ರೈಸ್ತರಾಗಿದ್ದೂ ತಪ್ಪಿಸಿಕೊಂಡು ಬಂದ ಕ್ರೈಸ್ತರು. ಇದನ್ನು ನೆನಪಿಟ್ಟುಕೊಳ್ಳಿ. ಯಾವುದೋ ಒಂದು ಧರ್ಮದ ರಕ್ತದಲ್ಲೇ ಕ್ರೌರ್ಯ ಇದೆ ಅಂತ ಹೇಳೋರಿಗೆ ಈ ಮೊದಲ ಅಧ್ಯಾಯವೇ ಉತ್ತರ.

1763ರಲ್ಲಿ ಹೈದರಾಲಿ ಬಿದನೂರು ಗೆದ್ದ. ಕರಾವಳಿ ಮೈಸೂರಿಗೆ ಸೇರಿತು. ಹೈದರ್ ಕಾಲದಲ್ಲಿ ಕ್ರೈಸ್ತರು ಸೈನ್ಯದಲ್ಲೂ ಇದ್ರು, ಪಾದ್ರಿಗಳಿಗೆ ಅವನ ಹತ್ತಿರ ಮಾನವೂ ಇತ್ತು. 1768ರಲ್ಲಿ ಇಂಗ್ಲಿಷರು ಮಂಗಳೂರು ಹಿಡಿದಾಗ ಕ್ರೈಸ್ತರ ಮೇಲೆ ಅನುಮಾನ ಬಿತ್ತು. ಆ ಅನುಮಾನ ಮುಂದೆ ಹೋಗಲೇ ಇಲ್ಲ.

ಎರಡನೇ ಮೈಸೂರು ಯುದ್ಧ. 1783ರಲ್ಲಿ ಜನರಲ್ ಮ್ಯಾಥ್ಯೂಸ್ ಬಿದನೂರು, ಮಂಗಳೂರು ಎರಡನ್ನೂ ಹಿಡಿದ. ಹೈದರ್ ಆಗಷ್ಟೇ ತೀರಿಕೊಂಡಿದ್ದ, ಟಿಪ್ಪು ಹೊಸ ಸುಲ್ತಾನ. ಟಿಪ್ಪು ಬಿದನೂರು ಮತ್ತೆ ಗೆದ್ದು ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಮುತ್ತಿಗೆ 1784ರ ಜನವರಿ ಕೊನೆಗೆ ಮುಗೀತು. ಕ್ರೈಸ್ತರು ಇಂಗ್ಲಿಷರಿಗೆ ಹಣ, ಧಾನ್ಯ, ಸುದ್ದಿ ಕೊಟ್ಟು ಸಹಾಯ ಮಾಡಿದ್ರು ಅನ್ನೋದು ಟಿಪ್ಪುವಿನ ಆರೋಪ. ಕೆಲವರು ಮಾಡಿರಲೂಬಹುದು. ಶಿಕ್ಷೆ ಮಾತ್ರ ಕೆಲವರಿಗಲ್ಲ, ಇಡೀ ಸಮುದಾಯಕ್ಕೆ ಬಿತ್ತು.

ಆ ವರ್ಷದ ಬೂದಿ ಬುಧವಾರದ ದಿನ ಹಿಡಿಯೋಕೆ ಶುರು ಮಾಡಿದ್ರು ಅಂತ ಮಂಗಳೂರು ಕ್ರೈಸ್ತರು ಇವತ್ತಿಗೂ ನೆನೀತಾರೆ. ಊರೂರಲ್ಲಿ ಮನೆಮಂದಿಯನ್ನೆಲ್ಲಾ ಒಟ್ಟಿಗೆ ಹಿಡಿದ್ರು. ಮುದುಕರು, ಬಾಣಂತಿಯರು, ಕೂಸುಗಳನ್ನೂ ಬಿಡಲಿಲ್ಲ. ಭೂಮಿ, ಮನೆ, ದನ ಜಪ್ತಿ. ಪಾದ್ರಿಗಳನ್ನು ಗೋವಾಕ್ಕೆ ಓಡಿಸಿದ್ರು, ವಾಪಸ್ ಬಂದ್ರೆ ಸಾವು ಅಂತ ಹೇಳಿ. ಮಂಗಳೂರಿನ ಮಿಲಾಗ್ರಿಸ್ ಸೇರಿ 27 ಇಗರ್ಜಿಗಳನ್ನು ಕೆಡವಿಸಿದ್ದು ಲೆಕ್ಕದಲ್ಲಿದೆ. ಉಳಿದದ್ದು ಒಂದು, ಮೂಡುಬಿದಿರೆ ಹತ್ತಿರದ ಹೊಸಪೇಟೆಯ ಇಗರ್ಜಿ. ನಮ್ಮ ಜಿಲ್ಲೆಯ ಹೊಸಪೇಟೆ ಅಲ್ಲ, ಆ ಕಡೆಯದ್ದು. ಅದನ್ನು ಉಳಿಸಿದ್ದು ಚೌಟ ಅರಸರು. ಅವರು ಜೈನರು.

ಹಿಡಿದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ್ರು. ಆರು ವಾರದ ನಡಿಗೆ ಅಂತಾರೆ. ಬಿಸಿಲು, ಹಸಿವು, ಜ್ವರಕ್ಕೆ ದಾರಿಯಲ್ಲೇ ಸಾವಿರಾರು ಜನ ಸತ್ರು. ಎಷ್ಟು ಜನರನ್ನು ಹಿಡಿದ್ರು ಅನ್ನೋದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. 30,000ದಿಂದ 80,000ದವರೆಗೆ ಹೇಳ್ತಾರೆ. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಹೇಳಿದ್ದು 60,000ದ ಹತ್ತಿರ. ಕಡಿಮೆ ಲೆಕ್ಕವನ್ನೇ ಹಿಡಿಯಿರಿ. ಮೂವತ್ತು ಸಾವಿರ ಅಂದ್ರೆ ನಮ್ಮಂಥ ಎಷ್ಟು ಊರು?

ಶ್ರೀರಂಗಪಟ್ಟಣದಲ್ಲಿ ಗಂಡಸರಿಗೆ ಬಲವಂತದಿಂದ ಸುನ್ನತಿ ಮಾಡಿಸಿದ್ರು, ಹೆಸರು ಬದಲಿಸಿದ್ರು. ಗಟ್ಟಿಮುಟ್ಟಾದ ಹುಡುಗರನ್ನು ಅಹ್ಮದಿ ದಳ ಅಂತ ಕರೀತಿದ್ದ ಪಡೆಗಳಿಗೆ ಸೇರಿಸಿದ್ರು. ಒಪ್ಪದವರಿಗೆ ಮೂಗು, ಕಿವಿ ಕೊಯ್ಯೋ ಶಿಕ್ಷೆ ಇತ್ತು ಅಂತ ಅದೇ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅನ್ನೋ ಇಂಗ್ಲಿಷ್ ಕೈದಿ ಬರೆದಿದ್ದಾನೆ. ಕೊಡವರನ್ನೂ, ಮಲಬಾರಿನ ನಾಯರ್‌ಗಳನ್ನೂ ಹೀಗೇ ಹಿಡಿದು ತಂದಿದ್ರು. ಹದಿನೈದು ವರ್ಷ ಹೀಗೇ ಕಳೀತು.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಉಳಿದವರು ಊರ ಕಡೆ ಹೊರಟ್ರು. ವಾಪಸ್ ಮುಟ್ಟಿದವರು ಹತ್ತರಿಂದ ಇಪ್ಪತ್ತು ಸಾವಿರ ಇರಬಹುದು. ಹೋಗಿ ನೋಡಿದ್ರೆ ಹೊಲದಲ್ಲಿ ಬೇರೆಯವರು ಉಳ್ತಿದ್ರು. ಕೆಲವರು ಮೊದಲೇ ತಪ್ಪಿಸಿಕೊಂಡು ಕೊಡಗಿಗೆ ಹೋಗಿದ್ರು. ದೊಡ್ಡವೀರರಾಜೇಂದ್ರ ಅವರಿಗೆ ಹೊಸದಾಗಿ ಕಟ್ಟಿದ ವಿರಾಜಪೇಟೆಯಲ್ಲಿ ಜಾಗ ಕೊಟ್ಟ, ಅಲ್ಲಿನ ಸಂತ ಅನ್ನಮ್ಮನ ಇಗರ್ಜಿ ಆ ಕಾಲದ್ದು. ಶ್ರೀರಂಗಪಟ್ಟಣದಲ್ಲೇ ಉಳಿದವರನ್ನು ಹುಡುಕಿ ಸೇರಿಸೋಕೆ ಅಬ್ಬೆ ದುಬುವಾ ಅನ್ನೋ ಫ್ರೆಂಚ್ ಪಾದ್ರಿ ಬಂದ.

*

ಈಗ ನಮ್ಮವರು ಹೇಳೋ ಮಾತುಗಳಿಗೆ ಬರ್ತೀನಿ.

ಒಂದನೇ ಮಾತು: "ಇದೆಲ್ಲಾ ಬ್ರಿಟಿಷರು ಕಟ್ಟಿದ ಕಥೆ." ಬ್ರಿಟಿಷರು ಟಿಪ್ಪುವನ್ನು ರಾಕ್ಷಸ ಮಾಡಿ ತೋರಿಸಿದ್ದು ನಿಜ. ಲೂಟಿ ಮಾಡಿದವರಿಗೆ ಸತ್ತವನು ಕೆಟ್ಟವನಾಗಿರಬೇಕಲ್ಲ. ಹಾಗಂತ ಈ ಸೆರೆ ಸುಳ್ಳಲ್ಲ. ಟಿಪ್ಪು ಆಸ್ಥಾನದ ಪರ್ಷಿಯನ್ ಬರಹಗಳೇ ಇದನ್ನು ಹೆಮ್ಮೆಯಿಂದ ಹೇಳಿಕೊಂಡಿವೆ. ಅಂಕಿ ಬಗ್ಗೆ ವಾದ ಮಾಡಬಹುದು, ಘಟನೆ ಬಗ್ಗೆ ಆಗಲ್ಲ.

ಎರಡನೇ ಮಾತು: "ಅದು ಧರ್ಮದ ವಿಷಯ ಅಲ್ಲ, ರಾಜಕೀಯ." ಇದರಲ್ಲಿ ಅರ್ಧ ಸತ್ಯ ಇದೆ. ಮೈಸೂರು ರಾಜ್ಯದಲ್ಲಿ ದೊರೆ ಮುಸ್ಲಿಮ, ಪ್ರಜೆಗಳಲ್ಲಿ ಬಹುಸಂಖ್ಯಾತರು ಮುಸ್ಲಿಮರಲ್ಲ. ದಿವಾನ ಪೂರ್ಣಯ್ಯ ಬ್ರಾಹ್ಮಣ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠ ದೋಚಿದಾಗ ಸ್ವಾಮಿಗಳಿಗೆ ಹಣ ಕಳಿಸಿ ಕನ್ನಡದಲ್ಲಿ ಪತ್ರ ಬರೆದವನು ಇದೇ ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಹೊರಗೆ ತಂದವರು ಆರ್. ನರಸಿಂಹಾಚಾರ್ಯರು. ಕ್ರೈಸ್ತರು ಅನ್ನೋ ಒಂದೇ ಕಾರಣಕ್ಕೆ ಅವನು ದ್ವೇಷ ಮಾಡ್ತಿದ್ದ ಅನ್ನೋದಕ್ಕೂ ಆಗಲ್ಲ, ಫ್ರೆಂಚ್ ಕ್ರೈಸ್ತರು ಅವನ ಪಕ್ಕದಲ್ಲೇ ನಿಂತು ಯುದ್ಧ ಮಾಡಿದ್ರು. ಹಂಗಾಗಿ ಕಾರಣ ರಾಜಕೀಯ ಇರಬಹುದು. ಕೊಟ್ಟ ಶಿಕ್ಷೆ ಯಾವುದು? ಇಗರ್ಜಿ ಕೆಡವೋದು, ಹೆಸರು ಬದಲಿಸೋದು, ಸುನ್ನತಿ ಮಾಡಿಸೋದು. ಅನುಮಾನ ಬಂದಿದ್ದು ರಾಜನಿಷ್ಠೆ ಮೇಲೆ, ಶಿಕ್ಷೆ ಬಿದ್ದಿದ್ದು ದೇವರ ಮೇಲೆ. ಅದನ್ನು ಧಾರ್ಮಿಕ ಕಿರುಕುಳ ಅನ್ನದೆ ಬೇರೆ ಏನನ್ನಬೇಕು?

ಮೂರನೇ ಮಾತು, ಇದೇ ನನಗೆ ಹೆಚ್ಚು ಚುಚ್ಚಿದ್ದು: "ಅವರು ಇಂಗ್ಲಿಷರಿಗೆ ಸಹಾಯ ಮಾಡಿದ ದ್ರೋಹಿಗಳು." ಗೆಳೆಯರೇ, ಪ್ರತಿ ಜನವರಿ 1ರಂದು ನಾವು ಏನು ಮಾಡ್ತೀವಿ? ಭೀಮಾ ಕೋರೆಗಾಂವ್ ಸ್ತಂಭದ ಫೋಟೋ ಹಾಕಿ ಜೈಭೀಮ್ ಅಂತೀವಿ. 1818ರಲ್ಲಿ ಅಲ್ಲಿ ಹೋರಾಡಿದ ಮಹಾರರು ಯಾರ ಸೈನ್ಯದಲ್ಲಿದ್ರು? ಕಂಪನಿ ಸೈನ್ಯದಲ್ಲಿ. ಅವರನ್ನು ಯಾರಾದ್ರೂ ದೇಶದ್ರೋಹಿ ಅಂದ್ರೆ ನಾವು ಸುಮ್ಮನಿರ್ತೀವಾ? ಪೇಶ್ವೆಗಳ ರಾಜ್ಯದಲ್ಲಿ ಮನುಷ್ಯನಾಗಿ ಬದುಕೋಕೆ ಬಿಡದಿದ್ದಾಗ ಯಾವ ದೇಶಕ್ಕೆ ನಿಷ್ಠೆ ಅಂತ ಕೇಳ್ತೀವಿ. ಸರಿಯಾಗೇ ಕೇಳ್ತೀವಿ. ಅದೇ ನ್ಯಾಯ ಮಂಗಳೂರಿನ ಒಬ್ಬ ಒಕ್ಕಲಿಗೆ ಯಾಕಿಲ್ಲ? ದೊರೆಗಳು ಜಗಳ ಆಡಿ 1784ರ ಮಾರ್ಚ್ 11ರಂದು ಒಪ್ಪಂದಕ್ಕೆ ಸಹಿ ಹಾಕಿ ಕೈ ತೊಳಕೊಂಡ್ರು. ಆ ಹೊತ್ತಿಗೆ ಒಕ್ಕಲು ಘಟ್ಟ ಹತ್ತುತ್ತಿದ್ದ.

ಟಿಪ್ಪುವನ್ನು ನಾನು ಬಿಟ್ಟುಕೊಟ್ಟಿಲ್ಲ. ಕಂಪನಿಗೆ ಕೊನೆವರೆಗೂ ತಲೆಬಾಗದೆ ಯುದ್ಧಭೂಮಿಯಲ್ಲಿ ಸತ್ತ ದೊರೆ ಅವನು. 1792ರಲ್ಲಿ ಸೋತಾಗ ತನ್ನ ಇಬ್ಬರು ಸಣ್ಣ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆ ಕೊಡಬೇಕಾಯ್ತು. ಆ ಚಿತ್ರ ನೋಡಿದಾಗೆಲ್ಲಾ ನನಗೆ ಹೊಟ್ಟೆ ಚುರುಕ್ ಅಂತದೆ. ಅದೇ ಊರಿನಲ್ಲಿ ಅದೇ ಹೊತ್ತಿಗೆ ಸಾವಿರಾರು ಬೇರೆಯವರ ಮಕ್ಕಳು ಅವನ ಸೆರೆಯಲ್ಲಿದ್ರು. ಎರಡೂ ನಿಜ. ಒಂದನ್ನು ಹೇಳಿ ಒಂದನ್ನು ಮುಚ್ಚಿದ್ರೆ ನಾವು ಮಾಡೋದು ಇತಿಹಾಸ ಅಲ್ಲ, ಜಯಂತಿ. ಜಯಂತಿಯ ಕಥೆ ನಿಮಗೆ ಗೊತ್ತೇ ಇದೆ. 2015ರಲ್ಲಿ ಒಂದು ಸರ್ಕಾರ ಶುರು ಮಾಡಿತು, ಆ ವರ್ಷವೇ ಮಡಿಕೇರಿಯಲ್ಲಿ ಸಾವಾಯ್ತು. 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಇಬ್ಬರಿಗೂ ಆ ನಡೆದು ಸತ್ತ ಜನ ಬೇಕಾಗಿರಲಿಲ್ಲ.

ಇನ್ನೊಂದು ಮಾತೂ ಹೇಳಿಬಿಡ್ತೀನಿ. ಆ ಕ್ಯಾಥೊಲಿಕರೊಳಗೂ ಜಾತಿ ಇತ್ತು. ಬಾಮೊಣ್, ಚಾರೊಡಿ, ಸುದೀರ್ ಅಂತ ವಿಂಗಡಣೆ ಶಿಲುಬೆ ಹಿಡಿದ ಮೇಲೂ ಹೋಗಲಿಲ್ಲ. ಹಾಗಂತ ಅವರ ನೋವು ನಮ್ಮದಲ್ಲ ಅನ್ನೋಕಾಗುತ್ತಾ? ನಮ್ಮ ಕೇರಿಯವರ ನೋವಿಗೆ ಮಾತ್ರ ಅಳ್ತೀವಿ ಅಂದ್ರೆ ಮೇಲ್ಜಾತಿಯವರಿಗೂ ನಮಗೂ ವ್ಯತ್ಯಾಸ ಏನು?

*

ಈಗ ನಮ್ಮ ಕಾಲಕ್ಕೆ ಬರೋಣ. ಗಡಿ ಆಚೆ ಪಾಕಿಸ್ತಾನಕ್ಕೆ. ಅಲ್ಲಿ ಬಹುಸಂಖ್ಯಾತರು ಮುಸ್ಲಿಮರು, ರಾಜ್ಯದ ಧರ್ಮ ಇಸ್ಲಾಂ. ಅಲ್ಲಿನ ಕ್ರೈಸ್ತರು ಯಾರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬಹುಪಾಲು ನಮ್ಮವರೇ. ಪಂಜಾಬಿನ ಚೂಹ್ರಾ ಅಂತ ಕರೆಸಿಕೊಂಡ, ಕಸ ಗುಡಿಸೋ, ಸತ್ತ ದನ ಹೊರೋ ಜಾತಿ. 1873ರಲ್ಲಿ ಸಿಯಾಲ್‌ಕೋಟ್ ಕಡೆ ದಿತ್ ಅನ್ನೋ ಕುಂಟುಗಾಲಿನ ಚರ್ಮದ ವ್ಯಾಪಾರಿ ಒಬ್ಬ ಕ್ರೈಸ್ತನಾದ. ಮನೆಮಂದಿಯನ್ನು, ನೆಂಟರನ್ನು ಕರಕೊಂಡು ಬಂದ. ಅಲ್ಲಿಂದ ಹಳ್ಳಿಹಳ್ಳಿಯ ಕೇರಿಗಳು ಕ್ರೈಸ್ತ ಆದವು. ಬಾಬಾಸಾಹೇಬರು 1935ರಲ್ಲಿ ಯೇವಲಾದಲ್ಲಿ ಮಾಡಿದ ಘೋಷಣೆಗೆ ಅರವತ್ತು ವರ್ಷ ಮೊದಲು ಓದು ಬರಹ ಇಲ್ಲದ ಒಬ್ಬ ಮನುಷ್ಯ ಹಿಡಿದ ದಾರಿ ಅದು.

ಧರ್ಮ ಬದಲಾಯ್ತು, ಪೊರಕೆ ಕೈಬಿಡಲಿಲ್ಲ. ಇವತ್ತಿಗೂ ಪಾಕಿಸ್ತಾನದ ನಗರಗಳಲ್ಲಿ ಚರಂಡಿಗೆ ಇಳಿಯೋರು ಹೆಚ್ಚಾಗಿ ಕ್ರೈಸ್ತರು. ಪೌರಕಾರ್ಮಿಕರ ಹುದ್ದೆಗೆ ಮುಸ್ಲಿಮೇತರರು ಮಾತ್ರ ಅರ್ಜಿ ಹಾಕಿ ಅಂತ ಸರ್ಕಾರಿ ಜಾಹೀರಾತುಗಳೇ ಬಂದಿವೆ.

ಆಸಿಯಾ ಬೀಬಿ ಕಥೆ ಕೇಳಿದ್ದೀರಿ. 2009ರ ಜೂನ್. ಪಂಜಾಬಿನ ಹಳ್ಳಿಯೊಂದರ ಹೊಲದಲ್ಲಿ ಫಾಲ್ಸಾ ಹಣ್ಣು ಬಿಡಿಸೋ ಕೂಲಿ. ಬಿಸಿಲು. ನೀರು ತಂದಳು, ತಾನೂ ಕುಡಿದಳು. ಜೊತೆಗಿದ್ದ ಹೆಣ್ಣುಮಕ್ಕಳು, ನೀನು ಮುಟ್ಟಿದ ನೀರು ನಾವು ಕುಡಿಯಲ್ಲ ಅಂದ್ರು. ಮಾತಿಗೆ ಮಾತು ಬೆಳೀತು. ಪ್ರವಾದಿಯನ್ನು ನಿಂದಿಸಿದಳು ಅಂತ ದೂರು ಆಯ್ತು. 1986ರಲ್ಲಿ ಸೇರಿಸಿದ 295-ಸಿ ಕಲಮು, ಮರಣದಂಡನೆ. 2010ರಲ್ಲಿ ಶಿಕ್ಷೆ ಆಯ್ತು. ಅವಳ ಪರ ಮಾತಾಡಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿಯಲ್ಲಿ ಅವರ ಕಾವಲುಗಾರನೇ ಕೊಂದ. ತಾಸೀರ್ ಮುಸ್ಲಿಮರು. ಮಾರ್ಚಿನಲ್ಲಿ ಅಲ್ಪಸಂಖ್ಯಾತರ ಸಚಿವ, ಕ್ರೈಸ್ತರಾದ ಶಹಬಾಜ್ ಭಟ್ಟಿ ಅವರ ಕೊಲೆ ಆಯ್ತು. 2018ರ ಅಕ್ಟೋಬರ್ 31ಕ್ಕೆ ಸುಪ್ರೀಂ ಕೋರ್ಟು ಅವಳನ್ನು ಬಿಡುಗಡೆ ಮಾಡಿತು. ದೇಶ ಬಿಟ್ಟು ಹೋಗಬೇಕಾಯ್ತು. 2023ರ ಆಗಸ್ಟಿನಲ್ಲಿ ಜರನ್‌ವಾಲಾದಲ್ಲಿ ಒಂದೇ ದಿನ ಇಪ್ಪತ್ತಕ್ಕೂ ಹೆಚ್ಚು ಚರ್ಚುಗಳಿಗೆ ಬೆಂಕಿ ಹಚ್ಚಿದ್ರು.

ಆಸಿಯಾ ಕಥೆ ಓದಿದಾಗ ನನಗೆ ನಮ್ಮವ್ವನ ಲೋಟ ನೆನಪಾಯ್ತು. ನಾನು ಸಣ್ಣವನಿದ್ದಾಗ ಅವ್ವ ಹೊಲದ ಕೂಲಿಗೆ ಹೋದ್ರೆ ಸೀರೆ ಸೆರಗಲ್ಲಿ ಒಂದು ಅಲ್ಯುಮಿನಿಯಂ ಲೋಟ ಕಟ್ಟಿಕೊಂಡು ಹೋಗ್ತಿದ್ಲು. ಅವರ ಬಿಂದಿಗೆ ಮುಟ್ಟಂಗಿಲ್ಲ, ಮೇಲಿಂದ ಹೊಯ್ದಿದ್ದನ್ನು ಕುಡೀಬೇಕು. ಮೈಲಾರದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರಿದಾಗಲೂ ಆ ಲೋಟ ಬಿಟ್ಟಿರಲಿಲ್ಲ. ನೀರಿನ ಜಗಳ ಗಡಿ ಆಚೆ ಧರ್ಮನಿಂದನೆ ಆಗ್ತದೆ, ಈಚೆ ಸಂಪ್ರದಾಯ ಆಗ್ತದೆ.

ದೇಶ ಒಡೆದಾಗ ಬಾಬಾಸಾಹೇಬರು ಇದನ್ನು ನೋಡಿದ್ರು. 1947ರ ಡಿಸೆಂಬರಿನಲ್ಲಿ ನೆಹರೂ ಅವರಿಗೆ ಪತ್ರ ಬರೆದ್ರು. ಪಾಕಿಸ್ತಾನ ಪರಿಶಿಷ್ಟ ಜಾತಿಯವರನ್ನು ಭಾರತಕ್ಕೆ ಬರೋಕೆ ಬಿಡ್ತಿಲ್ಲ, ಅವರನ್ನು ಅಗತ್ಯ ಸೇವೆಯವರು ಅಂತ ತಡೆದಿದೆ ಅಂತ. ಅಂದ್ರೆ ಗುಡಿಸೋಕೆ, ಬಾಚೋಕೆ ಜನ ಬೇಕು. ಮುಸ್ಲಿಂ ಲೀಗನ್ನು ನಂಬಿ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದ ಜೋಗೇಂದ್ರನಾಥ ಮಂಡಲ್ ನಮ್ಮವರೇ. 1950ರ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟು ವಾಪಸ್ ಬಂದ್ರು.

ಅದೇ 1950ರ ಆಗಸ್ಟ್ 10ರಂದು ಈಚೆ ಕಡೆ ಒಂದು ರಾಷ್ಟ್ರಪತಿ ಆದೇಶ ಬಂತು. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತ. ಆಮೇಲೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದ್ರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. ನಮ್ಮ ರಾಜ್ಯದಲ್ಲಿ ಕ್ರೈಸ್ತರಾದ ದಲಿತರನ್ನು ಪ್ರವರ್ಗ-1ಕ್ಕೆ ಹಾಕ್ತಾರೆ. ಪರಿಶಿಷ್ಟ ಜಾತಿ ಅನ್ನೋ ಸ್ಥಾನ ಹೋದ್ರೆ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಯ್ತು. ಚಿಗವ್ವನ ಮನೆ ಕೇರಿಯಲ್ಲೇ ಇದೆ, ಅವಳನ್ನು ಕರೆಯೋ ಹೆಸರೂ ಅದೇ ಇದೆ, ಬೈಯೋ ಬೈಗುಳವೂ ಅದೇ. ಕಾಗದದಲ್ಲಿ ಮಾತ್ರ ಅವಳ ಜಾತಿ ಹೋಗಿದೆ.

ನಾನು ಗುಮಾಸ್ತ, ಕಾಗದದ ಭಾಷೆ ನನಗೆ ಗೊತ್ತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಮತಾಂತರ ಕಾಯ್ದೆಯನ್ನು ಸಾಲುಸಾಲಾಗಿ ಓದಿದ್ದೀನಿ. ಧರ್ಮ ಬದಲಿಸೋನು 30 ದಿನ ಮೊದಲು ಜಿಲ್ಲಾ ದಂಡಾಧಿಕಾರಿಗೆ ನಮೂನೆ ತುಂಬಿ ಕೊಡಬೇಕು. ಅದನ್ನು ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿ ಆಕ್ಷೇಪಣೆ ಕರೀಬೇಕು. ಹೊಲ ಮಾರಾಟಕ್ಕೆ ತಕರಾರು ಕರೆದಂಗೆ ಒಬ್ಬ ಮನುಷ್ಯನ ದೇವರಿಗೆ ತಕರಾರು ಕರೆಯೋದು. ದಲಿತರನ್ನು, ಹೆಣ್ಣುಮಕ್ಕಳನ್ನು ಅಕ್ರಮವಾಗಿ ಮತಾಂತರಿಸಿದ್ರೆ ಶಿಕ್ಷೆ ಹೆಚ್ಚು, ಹತ್ತು ವರ್ಷದವರೆಗೆ. ಯಾಕಂದ್ರೆ ನಮಗೆ ಸ್ವಂತ ಬುದ್ಧಿ ಇಲ್ಲ ಅಂತ ಅವರ ನಂಬಿಕೆ! 2023ರಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ಹಿಂಪಡೆಯೋ ತೀರ್ಮಾನ ಮಾಡಿತು. ಚಿಗವ್ವನ ಮನೆಗೆ ನುಗ್ಗೋರಿಗೆ ಕಾಯ್ದೆ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ.

ಪಾಕಿಸ್ತಾನವೂ ನಾವೂ ಒಂದೇ ಅಂತ ನಾನು ಹೇಳ್ತಿಲ್ಲ. ಇಲ್ಲಿ ಧರ್ಮನಿಂದನೆಗೆ ನೇಣು ಇಲ್ಲ, ಬಾಬಾಸಾಹೇಬರ ಸಂವಿಧಾನದ 25ನೇ ವಿಧಿ ಇದೆ. ಅದನ್ನು ಉಳಿಸಿಕೊಳ್ಳೋಕೇ ಇಷ್ಟೆಲ್ಲಾ ಬರೀತಿರೋದು. ಅದರ ಜೊತೆಗೆ ಇದನ್ನೂ ನೆನಪಿಡಿ: 2008ರ ಸೆಪ್ಟೆಂಬರಿನಲ್ಲಿ ಚರ್ಚುಗಳ ಮೇಲೆ ದಾಳಿ ನಡೆದದ್ದು ಇದೇ ಮಂಗಳೂರಿನಲ್ಲಿ. ಟಿಪ್ಪು ಕೆಡವಿಸಿದ ಆ ಮಿಲಾಗ್ರಿಸ್ ಮತ್ತೆ ಕಟ್ಟಿ ನಿಂತಿದೆಯಲ್ಲ, ಅದರ ಹತ್ತಿರದ ಸನ್ಯಾಸಿನಿಯರ ಮಠಕ್ಕೆ ನುಗ್ಗಿದ್ರು. ಟಿಪ್ಪು ಹೆಸರೆತ್ತಿ ಕ್ರೈಸ್ತರಿಗಾಗಿ ಕಣ್ಣೀರು ಹಾಕೋ ಜನರಲ್ಲಿ ಎಷ್ಟು ಮಂದಿ ಅವತ್ತು ಬಾಯಿಬಿಟ್ರು?

*

ನಮ್ಮೂರ ಕಾರಣಿಕ ನಿಮಗೆ ಗೊತ್ತು. ಭರತ ಹುಣ್ಣಿಮೆ ಆದ ಮೇಲೆ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಹತ್ತಿ "ಸದ್ದಲೇ" ಅಂದ್ರೆ ಲಕ್ಷ ಜನ ಉಸಿರು ಬಿಗಿಹಿಡೀತಾರೆ. ಅವನು ಹೇಳೋದು ಒಂದೇ ಸಾಲು. ಇಳಿದ ಮರುಗಳಿಗೆ ರೈತ ಒಂದು ಅರ್ಥ ಹೇಳ್ತಾನೆ, ವ್ಯಾಪಾರಿ ಇನ್ನೊಂದು, ರಾಜಕಾರಣಿ ಮತ್ತೊಂದು. ಸಣ್ಣವನಿದ್ದಾಗಿಂದ ನೋಡ್ತಿದ್ದೀನಿ. ಅರ್ಥ ಹೇಳೋದರಲ್ಲಿ ಜಗಳ ಆಗಿದೆ. ಆದ್ರೆ ಗೊರವಯ್ಯ ಹೇಳಿದ ಸಾಲನ್ನೇ ನುಂಗಿ, ಅವನು ಹೇಳಲೇ ಇಲ್ಲ ಅಂತ ಯಾರೂ ವಾದ ಮಾಡಿಲ್ಲ.

ನಾನು ಅವತ್ತು ಸಾಲನ್ನೇ ನುಂಗಿದೆ.

ನನಗೆ ಫೋನ್ ಮಾಡಿದ ತಮ್ಮನಿಗೆ ಇಷ್ಟೇ ಹೇಳ್ತೀನಿ: ನಾವು ಹೇಳದಿದ್ರೂ ಆ ಬಡಿಗೆ ಅವರ ಕೈಯಲ್ಲಿ ಇದ್ದೇ ಇದೆ. ನಾವು ಹೇಳದೆ ಬಿಟ್ಟಷ್ಟೂ 1784ರ ಕಥೆ ಅವರೊಬ್ಬರದೇ ಆಗ್ತದೆ. ಅವರು ಹೇಳೋ ಕಥೆಯಲ್ಲಿ ಗೋವಾ ಇರಲ್ಲ, ಚೌಟರು ಇರಲ್ಲ, 2008 ಇರಲ್ಲ, ಚಿಗವ್ವ ಅಂತೂ ಇರೋದೇ ಇಲ್ಲ. ಮುಂದಿನ ವರ್ಷ ಸಂಕಿರಣ ಇಟ್ರೆ ನನ್ನನ್ನು ಕರೀರಿ, ಬಿಡ್ರಿ. ಕರೆದ್ರೆ ಆ ಸಾಲಿನಿಂದಲೇ ಶುರು ಮಾಡ್ತೀನಿ.

ಚಿಗವ್ವನ ಮಗನಿಗೆ ಈ ಪೋಸ್ಟ್ ಮೊದಲೇ ಕಳಿಸಿದ್ದೆ. ಓದಿ, "ತಡ ಆತು, ಆದ್ರೂ ಬರೆದಿಯಲ್ಲ" ಅಂತ ಮೆಸೇಜ್ ಹಾಕಿದ್ದಾನೆ. ಈ ಭಾನುವಾರ ಅವರ ಮನೆಗೆ ಊಟಕ್ಕೆ ಕರೆದಿದ್ದಾನೆ. ಪ್ರಾರ್ಥನೆ ಮುಗಿಯೋವರೆಗೂ ಬಾಗಿಲ ಹೊರಗೆ ಕಟ್ಟೆ ಮೇಲೆ ಕೂತಿರ್ತೀನಿ ಅಂತ ಹೇಳಿದ್ದೀನಿ. ಯಾರಾದ್ರೂ ಬಂದ್ರೆ ಮೊದಲು ನನ್ನ ಜೊತೆ ಮಾತಾಡಲಿ.

ಜೈಭೀಮ್.